ತಂತ್ರಾಂಶ ಬದಲಾಗಲಿ, ಲೆಕ್ಕ ಬದಲಾಗದಿರಲಿ

ಹಂಪಿಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬ ಮಾತು ಬಳ್ಳಾರಿ ಸೀಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಹಿರಿಮೆ ಇರುವುದು ಅದರ ಒಳಗಿನ ಕೆತ್ತನೆಯಲ್ಲಿ, ಹೊರಗೆ ನಿಂತು ನೋಡಿ ಹೋದವನಿಗೆ ಅದು ದಕ್ಕುವುದಿಲ್ಲ ಎಂಬುದು ಆ ಮಾತಿನ ತಾತ್ಪರ್ಯ. ಲೆಕ್ಕಪತ್ರಕ್ಕಾಗಿ ತಂತ್ರಾಂಶ ಕೊಳ್ಳಲು ಹೊರಟ ವರ್ತಕರಿಗೂ ಈ ಮಾತು ಅನ್ವಯಿಸುತ್ತದೆ. ಸಾಮಾನ್ಯವಾಗಿ ಅವರು ನೋಡುವುದು ಹೊರಗನ್ನು ಮಾತ್ರ: ಪರದೆ ಅಂದವಾಗಿದೆಯೇ, ಬಿಲ್ಲು ಬೇಗ ಮುದ್ರಣವಾಗುತ್ತದೆಯೇ, ಬೆಲೆ ಎಷ್ಟು ಎಂಬಿಷ್ಟೇ. ಒಳಗೆ ಲೆಕ್ಕ ಯಾವ ದತ್ತಸಂಚಯದಲ್ಲಿ ಕುಳಿತಿದೆ, ಅದನ್ನು ಹೊರತೆಗೆಯುವ ಪ್ರಶ್ನೆಗಳನ್ನು ಯಾವ ರೀತಿಯಲ್ಲಿ ಬರೆಯಲಾಗಿದೆ, ನಾಳೆ ಆ ದತ್ತಸಂಚಯ ಬದಲಾದರೆ ಅದೇ ಪ್ರಶ್ನೆಗೆ ಅದೇ ಉತ್ತರ ಬರುತ್ತದೆಯೇ ಎಂದು ಕೇಳುವವರು ವಿರಳ.

ಇದು ಗಣಕ ತಂತ್ರಜ್ಞರ ಮನೆವಾರ್ತೆಯೆಂದು ವರ್ತಕರು ಕೈತೊಳೆದುಕೊಳ್ಳುವಂತಿಲ್ಲ. ಉತ್ತರ ತಪ್ಪಾದಾಗ ತೆರಿಗೆ, ಬಡ್ಡಿ, ದಂಡ ಕಟ್ಟಬೇಕಾದವರು ತಂತ್ರಾಂಶ ಬರೆದವರಲ್ಲ, ಬಳಸಿದವರು.

ಊರು ಅಲ್ಲಿಯೇ, ವಿಳಾಸ ಬೇರೆ

ಬದಲಾವಣೆ ಎಂದೋ ಒಮ್ಮೆ ಬರುವ ವಿಪತ್ತಲ್ಲ, ಅದು ವ್ಯವಹಾರದ ಸಹಜ ಸ್ಥಿತಿ. ಇದನ್ನು ಈ ಸೀಮೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕೂಡ್ಲಿಗಿ ತಾಲ್ಲೂಕಿನಲ್ಲಿದ್ದ ಉಜ್ಜಿನಿ, ಕೊಟ್ಟೂರು ಹೊಸ ತಾಲ್ಲೂಕಾದ ಮೇಲೆ ಅದರ ಪಾಲಿಗೆ ಬಂತು. 2014ರ ನವೆಂಬರ್ 1ರಂದು ಜಿಲ್ಲೆಯ ಹೆಸರಿನ ಇಂಗ್ಲಿಷ್ ಅಕ್ಷರಗಳೇ ಬದಲಾದವು. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದಾಗ ಜಿಲ್ಲೆಯೇ ಬದಲಾಯಿತು. ನೆರೆಯ ಹರಪನಹಳ್ಳಿಯ ಕಥೆ ಇನ್ನೂ ಉದ್ದ: 1997ರಲ್ಲಿ ದಾವಣಗೆರೆಗೆ ಹೋಗಿ, ಎರಡು ದಶಕಗಳ ನಂತರ ಬಳ್ಳಾರಿಗೆ ಮರಳಿ, ಬಳಿಕ ವಿಜಯನಗರಕ್ಕೆ ಸೇರಿತು. ಒಂದು ಮನೆಯೂ ಕದಲಲಿಲ್ಲ, ಕಡತಗಳಲ್ಲಿ ವಿಳಾಸ ಮಾತ್ರ ಸಂಚರಿಸುತ್ತಲೇ ಇತ್ತು.

ಬ್ಯಾಂಕುಗಳ ವಿಷಯವೂ ಹೀಗೆಯೇ. ಬಳ್ಳಾರಿ ಸೀಮೆಯ ರೈತರು, ವರ್ತಕರು ಬಲ್ಲ ತುಂಗಭದ್ರಾ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ ಗ್ರಾಮೀಣ ಬ್ಯಾಂಕಿನಲ್ಲಿ ಲೀನವಾಯಿತು. ಅದು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಯಿತು. 2019ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನೊಡನೆ ಕೂಡಿ ಹೊಸ ಹೆಸರು ಪಡೆಯಿತು. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು ಸಹ ಸೇರಿ ರಾಜ್ಯಕ್ಕೆ ಒಂದೇ ಗ್ರಾಮೀಣ ಬ್ಯಾಂಕು ಎಂಬಂತಾಯಿತು. ಪ್ರತಿ ವಿಲೀನದಲ್ಲಿಯೂ ನಾಮಫಲಕ ಬದಲಾಯಿತು. ಆದರೆ ಖಾತೆದಾರನ ಶಿಲ್ಕು ಒಂದು ಪೈಸೆಯೂ ಆಚೀಚೆಯಾಗಬಾರದು ಎಂಬ ನಿಯಮ ಬದಲಾಗಲಿಲ್ಲ. ದತ್ತಸಂಚಯದಿಂದ ದತ್ತಸಂಚಯಕ್ಕೆ ಲೆಕ್ಕ ಸಾಗಿಸುವ ಕೆಲಸಕ್ಕೆ ಇರಬೇಕಾದ ಏಕೈಕ ಒರೆಗಲ್ಲು ಇದೇ.

ಬ್ಯಾಂಕುಗಳಿಗೆ ಇಂಥ ಕಾರ್ಯಕ್ಕೆ ಪರಿಣತರ ದಂಡೇ ಇರುತ್ತದೆ. ಕೊಟ್ಟೂರು ಮಾರುಕಟ್ಟೆಯ ದಲಾಲಿ ಅಂಗಡಿಗೆ, ಶೇಂಗಾ ಎಣ್ಣೆ ಗಿರಣಿಗೆ, ರಸಗೊಬ್ಬರ ಮಾರಾಟಗಾರರಿಗೆ ಆ ಅನುಕೂಲ ಇಲ್ಲ. ಅವರು ಮೊದಲು ಕೊಂಡ ತಂತ್ರಾಂಶ ಫಾಕ್ಸ್‌ಪ್ರೊದಲ್ಲಿ ಇದ್ದಿರಬಹುದು. ಹೊಸ ಆವೃತ್ತಿ ತರುವುದಿಲ್ಲವೆಂದು ಅದರ ತಯಾರಕರು 2007ರಲ್ಲಿಯೇ ಸಾರಿದರು, 2015ರಲ್ಲಿ ಬೆಂಬಲವೂ ನಿಂತಿತು. ಆನಂತರ ಉಚಿತವೆಂದು ಹಾಕಿಸಿಕೊಂಡ ಎಸ್‌ಕ್ಯುಎಲ್ ಸರ್ವರ್ ಎಕ್ಸ್‌ಪ್ರೆಸ್ಸಿನಲ್ಲಿ 2022ರ ಆವೃತ್ತಿಯವರೆಗೆ ಒಂದು ದತ್ತಸಂಚಯ ಹತ್ತು ಗಿಗಾಬೈಟ್ ತಲುಪಿದೊಡನೆ, ಹಣ ಕೊಟ್ಟು ದೊಡ್ಡದನ್ನು ಕೊಳ್ಳಬೇಕಿತ್ತು, ಇಲ್ಲವೇ ಬೇರೆಡೆಗೆ ಹೋಗಬೇಕಿತ್ತು. ಅದೇ ಎಸ್‌ಕ್ಯುಎಲ್ ಸರ್ವರಿನ 2014ರ ಆವೃತ್ತಿಗೆ ದೊರೆಯುತ್ತಿದ್ದ ಬೆಂಬಲ 2024ರ ಜುಲೈನಲ್ಲಿ ಮುಗಿಯಿತು. ತಂತ್ರಾಂಶದ ಆಯುಸ್ಸು ಹತ್ತು ವರ್ಷ, ಅಂಗಡಿಯ ಆಯುಸ್ಸು ಮೂರು ತಲೆಮಾರು. ಈ ಎರಡರ ನಡುವಿನ ಅಂತರದಲ್ಲಿಯೇ ಸಮಸ್ಯೆ ಹುಟ್ಟುವುದು.

ಕಿರ್ದಿ ಖತಾವಣಿಯ ಗುಣ

ಗಣಕಯಂತ್ರ ಬರುವ ಮೊದಲು ಈ ಸಮಸ್ಯೆ ಇರಲಿಲ್ಲ. ಕೆಂಪು ಬಟ್ಟೆಯ ಕಿರ್ದಿ ಪುಸ್ತಕವನ್ನು ಯಾವ ಅಂಗಡಿಯಲ್ಲಿ ಕೊಂಡರೂ ಜಮೆಯೆಂದರೆ ಜಮೆ, ಖರ್ಚೆಂದರೆ ಖರ್ಚು. ಕೊಟ್ಟೂರಿನ ಗುಮಾಸ್ತ ಬರೆದ ಖತಾವಣಿಯನ್ನು ಹುಬ್ಬಳ್ಳಿಯ ಗುಮಾಸ್ತ ಓದಿ ಶಿಲ್ಕು ತೆಗೆಯುತ್ತಿದ್ದ. ಪುಸ್ತಕ ತಯಾರಿಸಿದವನ ಅಪ್ಪಣೆ ಬೇಕಿರಲಿಲ್ಲ. ಲೆಕ್ಕದ ವ್ಯಾಕರಣ ಎಲ್ಲರಿಗೂ ಒಂದೇ ಆಗಿದ್ದುದರಿಂದ ಲೆಕ್ಕ ಪುಸ್ತಕಕ್ಕೆ ಅಂಟಿಕೊಂಡಿರಲಿಲ್ಲ.

ದತ್ತಸಂಚಯಗಳ ಲೋಕಕ್ಕೂ ಅಂಥದೊಂದು ವ್ಯಾಕರಣ ಇದೆ. 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಅವರು ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಸಿದ್ಧಾಂತ ಮಂಡಿಸಿದರು. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಆ ಕೋಷ್ಟಕಗಳನ್ನು ಪ್ರಶ್ನಿಸುವ ಭಾಷೆಯನ್ನು ರೂಪಿಸಿದರು. ಅದೇ ಇಂದಿನ ಎಸ್‌ಕ್ಯುಎಲ್. ಅಮೆರಿಕದ ಮಾನಕ ಸಂಸ್ಥೆ 1986ರಲ್ಲಿ, ಅಂತರರಾಷ್ಟ್ರೀಯ ಮಾನಕ ಸಂಸ್ಥೆ 1987ರಲ್ಲಿ ಅದಕ್ಕೆ ಮಾನಕ ಪ್ರಕಟಿಸಿದವು. 1992, 1999, 2008, 2016, 2023 ಮುಂತಾದ ವರ್ಷಗಳಲ್ಲಿ ಮಾನಕ ಪರಿಷ್ಕೃತವಾಗುತ್ತ ಬಂದಿದೆ.

ಆದರೆ ಮಾನಕ ಇದ್ದರೂ ಆಚರಣೆ ಒಂದಾಗಲಿಲ್ಲ. ಒರೇಕಲ್, ಎಸ್‌ಕ್ಯುಎಲ್ ಸರ್ವರ್, ಮೈಎಸ್‌ಕ್ಯುಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲೈಟ್ ಇವೆಲ್ಲವೂ ಒಂದೇ ಭಾಷೆಯ ಪ್ರಾದೇಶಿಕ ನುಡಿಗಳಂತೆ ಬೆಳೆದವು. ಹೆಚ್ಚು ಖರೀದಿಸಿದ ಹತ್ತು ಮಂದಿಯ ಪಟ್ಟಿ ಬೇಕೆಂದರೆ ಎಸ್‌ಕ್ಯುಎಲ್ ಸರ್ವರಿನಲ್ಲಿ ‘ಟಾಪ್’ ಎನ್ನಬೇಕು, ಮೈಎಸ್‌ಕ್ಯುಎಲ್‌ನಲ್ಲಿ ‘ಲಿಮಿಟ್’ ಎನ್ನಬೇಕು, ಹಳೆಯ ಒರೇಕಲ್‌ನಲ್ಲಿ ‘ರೋನಂ’ ಎಂಬುದನ್ನು ಆಶ್ರಯಿಸಬೇಕು. ಮಾನಕ ಹೇಳುವ ‘ಫೆಚ್ ಫಸ್ಟ್’ ಎಂಬ ರೂಪವನ್ನು ಒರೇಕಲ್ 2013ರಲ್ಲಿ ಸ್ವೀಕರಿಸಿತು, ಪೋಸ್ಟ್‌ಗ್ರೆಸ್ ಅದಕ್ಕೂ ಮೊದಲೇ ಸ್ವೀಕರಿಸಿತ್ತು, ಮೈಎಸ್‌ಕ್ಯುಎಲ್ ಸ್ವೀಕರಿಸಿಲ್ಲ.

ಇಂಥ ಭೇದಗಳು ತೊಂದರೆಯೇ ಆದರೂ ಅಪಾಯಕಾರಿಯಲ್ಲ. ಒಂದರ ನುಡಿಯನ್ನು ಇನ್ನೊಂದರ ಮುಂದೆ ಇಟ್ಟರೆ ಅದು ಅರ್ಥವಾಗಲಿಲ್ಲವೆಂದು ನಿಲ್ಲುತ್ತದೆ, ನಿಂತುದನ್ನು ಸರಿಪಡಿಸಬಹುದು. ಅಪಾಯ ಇರುವುದು ಎರಡೂ ಕಡೆ ನಿಲ್ಲದೆ ಓಡಿ, ಬೇರೆ ಬೇರೆ ಮೊತ್ತ ಕೊಡುವ ಪ್ರಶ್ನೆಗಳಲ್ಲಿ. ಲೆಕ್ಕಪರಿಶೋಧನೆಯ ದೃಷ್ಟಿಯಿಂದ ಅವುಗಳಲ್ಲಿ ಕೆಲವನ್ನು ಪ್ರತಿ ವರ್ತಕರೂ ತಿಳಿದಿರಬೇಕು.

ಸದ್ದಿಲ್ಲದ ತಪ್ಪುಗಳು

ಮೊದಲನೆಯದು ಮಾರ್ಚ್ 31. ಏಪ್ರಿಲ್ 1ರಿಂದ ಮಾರ್ಚ್ 31ರ ‘ನಡುವೆ’ ಆದ ಮಾರಾಟ ಎಷ್ಟು ಎಂಬುದು ತೀರ ಸರಳ ಪ್ರಶ್ನೆಯಂತೆ ತೋರುತ್ತದೆ. ದಿನಾಂಕವನ್ನು ಬರಿಯ ದಿನಾಂಕವಾಗಿ ಇಡುವ ಪೋಸ್ಟ್‌ಗ್ರೆಸ್‌ನಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ. ಒರೇಕಲ್‌ನ ದಿನಾಂಕದಲ್ಲಿ ಗಂಟೆ, ನಿಮಿಷಗಳೂ ಅಡಗಿರುತ್ತವೆ. ಅಲ್ಲಿ ಬರಿಯ ‘ಮಾರ್ಚ್ 31’ ಎಂದರೆ ಆ ದಿನ ಆರಂಭವಾಗುವ ಕ್ಷಣ ಎಂದೇ ಅರ್ಥ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಮಯಸಹಿತವಾಗಿ ದಾಖಲಾದ ಬಿಲ್ಲು ಆ ಎಲ್ಲೆಯ ಹೊರಗೆ ಉಳಿಯುತ್ತದೆ. ಎಸ್‌ಕ್ಯುಎಲ್ ಸರ್ವರಿನ ಸಮಯಸಹಿತ ದಿನಾಂಕದಲ್ಲಿಯೂ ಇದೇ ಗತಿ. ವರ್ಷದ ಕೊನೆಯ ದಿನ, ಅಂದರೆ ಎಲ್ಲ ವರ್ತಕರೂ ಬಾಕಿ ಚುಕ್ತಾ ಮಾಡುವ ದಿನ, ಲೆಕ್ಕದಿಂದ ಸದ್ದಿಲ್ಲದೆ ಕಣ್ಮರೆಯಾಗುತ್ತದೆ. ಪರಿಹಾರ ಸುಲಭ: ‘ಏಪ್ರಿಲ್ 1ರಂದು ಅಥವಾ ತರುವಾಯ, ಮುಂದಿನ ಏಪ್ರಿಲ್ 1ಕ್ಕಿಂತ ಮೊದಲು’ ಎಂದು ಬರೆದರೆ ಯಾವ ದತ್ತಸಂಚಯದಲ್ಲಾದರೂ ಉತ್ತರ ಒಂದೇ.

ಎರಡನೆಯದು ಭಾಗಾಕಾರ. ಶೇಕಡಾ 5ರ ತೆರಿಗೆ ಕಂಡುಹಿಡಿಯಲು ಐದನ್ನು ನೂರರಿಂದ ಭಾಗಿಸಿ, ಬಂದುದನ್ನು ಬೆಲೆಯಿಂದ ಗುಣಿಸುವಂತೆ ಬರೆದಿದ್ದಾರೆಂದು ಇಟ್ಟುಕೊಳ್ಳೋಣ. ಒರೇಕಲ್ ಮತ್ತು ಮೈಎಸ್‌ಕ್ಯುಎಲ್ 0.05 ಎನ್ನುತ್ತವೆ. ಎಸ್‌ಕ್ಯುಎಲ್ ಸರ್ವರ್, ಪೋಸ್ಟ್‌ಗ್ರೆಸ್, ಎಸ್‌ಕ್ಯುಎಲೈಟ್ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ಪೂರ್ಣಾಂಕವನ್ನೇ ಕೊಡುವುದರಿಂದ ಸೊನ್ನೆ ಎನ್ನುತ್ತವೆ. ಎರಡು ಲಕ್ಷ ರೂಪಾಯಿಯ ಸರಕಿಗೆ ಒಂದು ಕಡೆ ಹತ್ತು ಸಾವಿರ ರೂಪಾಯಿ ತೆರಿಗೆ, ಇನ್ನೊಂದು ಕಡೆ ಏನೂ ಇಲ್ಲ! ಮೊದಲು ಗುಣಿಸಿ ಆಮೇಲೆ ಭಾಗಿಸುವುದು, ಐದನ್ನು 5.0 ಎಂದು ಬರೆಯುವುದು, ಹಣದ ಅಂಕಣಗಳನ್ನು ನಿಖರ ದಶಮಾಂಶವಾಗಿ ಘೋಷಿಸುವುದು ಇದಕ್ಕೆ ಮದ್ದು. ನಿಖರ ದಶಮಾಂಶದ ಸೌಕರ್ಯವೇ ಇಲ್ಲದ ಎಸ್‌ಕ್ಯುಎಲೈಟ್‌ನಂಥ ಕಡೆ ರೂಪಾಯಿಯ ಬದಲು ಪೈಸೆಯಲ್ಲಿ ಲೆಕ್ಕ ಇಡುವುದು ಕ್ಷೇಮ.

ಮೂರನೆಯದು ಖಾಲಿ ಬಿಟ್ಟ ಅಂಕಣ. ನೋಂದಣಿ ಇಲ್ಲದ ಗ್ರಾಹಕರ ಜಿಎಸ್‌ಟಿ ಸಂಖ್ಯೆಯ ಜಾಗವನ್ನು ಖಾಲಿ ಬಿಡುವುದು ವಾಡಿಕೆ. ‘ಸಂಖ್ಯೆ ಖಾಲಿಯಲ್ಲದ ಗ್ರಾಹಕರ ಮಾರಾಟ ಎಷ್ಟು’ ಎಂದು ಕೇಳಿದರೆ ಉಳಿದ ದತ್ತಸಂಚಯಗಳು ನೋಂದಾಯಿತರ ಪಟ್ಟಿ ಕೊಡುತ್ತವೆ. ಒರೇಕಲ್ ಮಾತ್ರ ಖಾಲಿ ಪದವನ್ನು ‘ನಲ್’, ಅಂದರೆ ಅಜ್ಞಾತ ಎಂದು ಭಾವಿಸುತ್ತದೆ. ಅಜ್ಞಾತದೊಡನೆ ಮಾಡಿದ ಯಾವ ಹೋಲಿಕೆಯೂ ನಿಜವಾಗುವುದಿಲ್ಲವಾದ್ದರಿಂದ ಅಲ್ಲಿ ಒಬ್ಬ ಗ್ರಾಹಕನೂ ಸಿಗುವುದಿಲ್ಲ. ‘ಸಂಖ್ಯೆ ಖಾಲಿ ಇರುವವರು’ ಎಂದು ತಿರುಗಿಸಿ ಕೇಳಿದರೂ ಯಾರೂ ಸಿಗುವುದಿಲ್ಲ. ತೆರಿಗೆ ವಿವರಪಟ್ಟಿಯ ಎರಡು ಭಾಗಗಳೂ ಬರಿದಾಗುತ್ತವೆ. ಇಲ್ಲದ ಸಂಖ್ಯೆಯನ್ನು ಎಲ್ಲೆಡೆ ನಲ್ ಆಗಿಯೇ ಇಟ್ಟು, ‘ನಲ್ ಹೌದೇ, ಅಲ್ಲವೇ’ ಎಂದೇ ಪ್ರಶ್ನಿಸಿದರೆ ಈ ಗೊಂದಲ ಇರದು.

ನಾಲ್ಕನೆಯದು ಅಕ್ಷರಗಳ ಹೋಲಿಕೆ. ಮೈಎಸ್‌ಕ್ಯುಎಲ್, ಎಸ್‌ಕ್ಯುಎಲ್ ಸರ್ವರುಗಳು ಬೇರೆ ಸೂಚನೆ ಕೊಡದಿದ್ದರೆ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಒಂದೇ ಎಂದು ಬಗೆಯುತ್ತವೆ. ಒರೇಕಲ್, ಪೋಸ್ಟ್‌ಗ್ರೆಸ್ ಬೇರೆ ಎನ್ನುತ್ತವೆ. ಒಂದೆಡೆ ಒಬ್ಬನಾಗಿದ್ದ ಗ್ರಾಹಕ ಇನ್ನೊಂದೆಡೆ ಇಬ್ಬರಾಗುತ್ತಾನೆ. ಕನ್ನಡದಲ್ಲಿ ಲೆಕ್ಕ ಇಡುವವರಿಗೆ ಇನ್ನೂ ಕೆಲವು ಎಚ್ಚರಿಕೆಗಳು ಬೇಕು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ತುಂಬಿಸಿದ ಹೆಸರುಗಳು ಆ ಫಾಂಟು ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗುತ್ತವೆ. ಯುನಿಕೋಡ್ ಅಂಕಣವೆಂದು ಘೋಷಿಸದಿದ್ದರೆ ಎಸ್‌ಕ್ಯುಎಲ್ ಸರ್ವರಿನಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಬಹುದು. ಊರಿನ ಹೆಸರನ್ನು ಒಬ್ಬ ಗುಮಾಸ್ತ ‘ಉಜ್ಜಿನಿ’ ಎಂದೂ ಇನ್ನೊಬ್ಬ ‘ಉಜ್ಜಯಿನಿ’ ಎಂದೂ ಬರೆದರೆ ಯಾವ ದತ್ತಸಂಚಯವೂ ಅವೆರಡು ಒಂದೇ ಊರೆಂದು ತಾನಾಗಿ ತಿಳಿಯದು. ಆದ್ದರಿಂದ ಊರಿಗೊಂದು ಸಂಕೇತ ಕೊಟ್ಟು, ಹೆಸರು, ತಾಲ್ಲೂಕು, ಜಿಲ್ಲೆಗಳನ್ನು ಪ್ರತ್ಯೇಕ ಕೋಷ್ಟಕದಲ್ಲಿ ಒಂದೇ ಕಡೆ ಇಡಬೇಕು. ‘ಜಿಲ್ಲೆ ಬಳ್ಳಾರಿಯಾದರೆ’ ಎಂದು ಪ್ರಶ್ನೆಯೊಳಗೇ ಬರೆದಿಟ್ಟವರು 2021ರಲ್ಲಿ ಎಷ್ಟು ಪ್ರಶ್ನೆಗಳಿದ್ದವೋ ಅಷ್ಟನ್ನೂ ತಿದ್ದಬೇಕಾಯಿತು. ಕೋಷ್ಟಕದಲ್ಲಿ ಇಟ್ಟವರಿಗೆ ಆ ಕೋಷ್ಟಕವನ್ನು ತಿದ್ದಿದ್ದೇ ಸಾಕಾಯಿತು.

ಕಾನೂನು ಹೊರಿಸಿದ ಹೊಣೆ

ಇವೆಲ್ಲ ತಾಂತ್ರಿಕ ಸೂಕ್ಷ್ಮಗಳೆಂದು ತಳ್ಳಿಹಾಕುವವರು ಕಾನೂನನ್ನು ಗಮನಿಸಬೇಕು. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ 36ನೆಯ ಪ್ರಕರಣದಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ದಿನದಿಂದ 72 ತಿಂಗಳು ಮುಗಿಯುವವರೆಗೆ ಕಾಪಾಡಬೇಕು. ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ ಇನ್ನೂ ಹೆಚ್ಚು ಕಾಲ. 2023-24ನೆಯ ಸಾಲಿನ ಲೆಕ್ಕ ಕನಿಷ್ಠ 2030ರ ಡಿಸೆಂಬರ್ ಅಂತ್ಯದವರೆಗೆ ಓದುವ ಸ್ಥಿತಿಯಲ್ಲಿ ಇರಬೇಕು. ಕಂಪನಿಗಳಿಗಂತೂ 2013ರ ಅಧಿನಿಯಮದ 128ನೆಯ ಪ್ರಕರಣ ಎಂಟು ಹಣಕಾಸು ವರ್ಷಗಳ ಗಡುವು ವಿಧಿಸಿದೆ.

ಜಿಎಸ್‌ಟಿಯ 57ನೆಯ ನಿಯಮ ಮತ್ತೂ ಸ್ಪಷ್ಟ. ವಿದ್ಯುನ್ಮಾನ ಲೆಕ್ಕಗಳ ಪ್ರತಿಯನ್ನು ಕಾದಿರಿಸಬೇಕು, ಅವು ನಾಶವಾದರೆ ಯುಕ್ತ ಅವಧಿಯಲ್ಲಿ ಪುನಃಸ್ಥಾಪಿಸಬೇಕು, ಕೇಳಿದಾಗ ಓದಬಲ್ಲ ರೂಪದಲ್ಲಿ ಒದಗಿಸಬೇಕು, ಕಡತಗಳ ವಿವರ, ಗುಪ್ತಪದ, ಬಳಸಿದ ಸಂಕೇತಗಳ ವಿವರಣೆಯನ್ನೂ ನೀಡಬೇಕು. ‘ತಂತ್ರಾಂಶ ಬರೆದವರು ಅಂಗಡಿ ಮುಚ್ಚಿದ್ದಾರೆ’ ಎಂಬ ಉತ್ತರಕ್ಕೆ ಆ ನಿಯಮದಲ್ಲಿ ಜಾಗವಿಲ್ಲ.

ಬಿಲ್ಲಿನ ಕ್ರಮಸಂಖ್ಯೆಯ ವಿಷಯವೂ ಇಲ್ಲಿಯೇ ಬರುತ್ತದೆ. 46ನೆಯ ನಿಯಮದ ಪ್ರಕಾರ ಅದು ಹದಿನಾರು ಅಕ್ಷರ ಮೀರದೆ, ಒಂದರ ಹಿಂದೊಂದು ಬರುವಂತೆ, ಆ ಹಣಕಾಸು ವರ್ಷದಲ್ಲಿ ಪುನರಾವರ್ತನೆಯಾಗದಂತೆ ಇರಬೇಕು. ದತ್ತಸಂಚಯಗಳು ತಾವಾಗಿ ಕೊಡುವ ಸಂಖ್ಯೆಯನ್ನೇ ಬಿಲ್ಲಿನ ಸಂಖ್ಯೆಯಾಗಿ ಬಳಸುವವರು ಬಹಳ ಮಂದಿ. ಆ ಸೌಕರ್ಯದ ಹೆಸರು, ರೀತಿಗಳು ಒಂದೊಂದರಲ್ಲಿ ಒಂದೊಂದು ತೆರ. ಅರ್ಧಕ್ಕೆ ರದ್ದಾದ ವ್ಯವಹಾರದ ಸಂಖ್ಯೆ ಸಾಮಾನ್ಯವಾಗಿ ಮರಳಿ ಬರುವುದಿಲ್ಲವಾದ್ದರಿಂದ ಸರಣಿಯಲ್ಲಿ ತೆರಪು ಬೀಳುತ್ತದೆ. ಮಧ್ಯದ ಬಿಲ್ಲು ಎಲ್ಲಿ ಹೋಯಿತೆಂದು ಅಧಿಕಾರಿ ಕೇಳಿದರೆ ವರ್ತಕ ನಿರುತ್ತರನಾಗುತ್ತಾನೆ. ಬಿಲ್ಲಿನ ಸಂಖ್ಯೆಗೆ ಪ್ರತ್ಯೇಕ ಕೋಷ್ಟಕವನ್ನು ಇಟ್ಟು ನಡೆಸುವುದೇ ಮೇಲು.

ಆಕ್ಷೇಪಣೆಯಲ್ಲಿ ಹುರುಳಿದೆ

ತಂತ್ರಾಂಶ ರಚನಕಾರರ ಕಡೆಯ ಮಾತನ್ನೂ ಕೇಳಬೇಕು. ಪ್ರತಿಯೊಂದು ದತ್ತಸಂಚಯಕ್ಕೂ ತನ್ನದೇ ಶಕ್ತಿ ಇದೆ. ಎಲ್ಲಕ್ಕೂ ಹೊಂದುವಂತೆ ಬರೆಯಹೊರಟರೆ ಆ ಶಕ್ತಿ ವ್ಯರ್ಥವಾಗುತ್ತದೆ, ಕೆಲಸ ನಿಧಾನವಾಗುತ್ತದೆ, ವೆಚ್ಚ ಏರುತ್ತದೆ ಎಂಬುದು ಅವರ ವಾದ. ಇದು ಸುಳ್ಳಲ್ಲ. ನೂರಕ್ಕೆ ನೂರು ಸ್ಥಳಾಂತರಯೋಗ್ಯ ಎಸ್‌ಕ್ಯುಎಲ್ ಎಂಬುದು ಆದರ್ಶವೇ ಹೊರತು ವಾಸ್ತವವಲ್ಲ. ದಿನಾಂಕ ಕೂಡಿಸುವುದು, ಇದ್ದರೆ ತಿದ್ದಿ ಇಲ್ಲದಿದ್ದರೆ ಸೇರಿಸುವುದು ಮೊದಲಾದವಕ್ಕೆ ಇಂದಿಗೂ ಎಲ್ಲೆಡೆ ನಡೆಯುವ ಒಂದೇ ರೂಪ ಇಲ್ಲ. ನುಡಿಭೇದವನ್ನು ತಾನೇ ನಿಭಾಯಿಸುವ ಮಧ್ಯವರ್ತಿ ತಂತ್ರಾಂಶಗಳು ಇವೆಯಾದರೂ ಅವು ಪದವನ್ನು ಬದಲಿಸುತ್ತವೆಯೇ ಹೊರತು, ಒರೇಕಲ್‌ನ ಖಾಲಿ ಪದದಂಥ ಅರ್ಥಭೇದವನ್ನು ಪೂರ್ತಿ ನೀಗಿಸಲಾರವು.

ಆದರೆ ಒಂದು ಸಾಧಾರಣ ಅಂಗಡಿಯ ಲೆಕ್ಕಕ್ಕೆ ಬೇಕಾಗುವುದೇನು? ಜಮಾ ಖರ್ಚು, ಬಾಕಿ ಪಟ್ಟಿ, ದಾಸ್ತಾನು, ತೆರಿಗೆ ವಿವರ, ತಾಳೆಪಟ್ಟಿ. ಇವೆಲ್ಲವೂ ಕೂಡಿಸುವ, ಗುಂಪು ಮಾಡುವ, ಜೋಡಿಸುವ ಕೆಲಸಗಳು. 1992ರ ಮಾನಕದಲ್ಲಿ ಇರುವ ಪದಗಳೇ ಇವುಗಳ ಬಹುಭಾಗಕ್ಕೆ ಸಾಕು. ವಿಶೇಷ ನುಡಿ ನಿಜವಾಗಿ ಬೇಕಾದಲ್ಲಿ ಬಳಸಲಿ, ಆದರೆ ಅದನ್ನು ತಂತ್ರಾಂಶದ ತುಂಬ ಚೆಲ್ಲದೆ ಒಂದೇ ಕಡೆ, ಗುರುತು ಹಾಕಿ ಇಡಲಿ. ಆಗ ಸ್ಥಳಾಂತರದ ದಿನ ತಿದ್ದಬೇಕಾದುದು ಒಂದು ಕಡತ ಮಾತ್ರ.

ಸರ್ಕಾರವೂ ಇದೇ ದಾರಿ ಹಿಡಿದಿದೆ. 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾಗಿ, 2023ರ ಆಗಸ್ಟ್ 1ರಿಂದ 5 ಕೋಟಿ ಮೀರಿದವರಿಗೂ ಅನ್ವಯವಾದ ಇ-ಇನ್‌ವಾಯ್ಸ್ ಪದ್ಧತಿಯಲ್ಲಿ ಯಾರ ತಂತ್ರಾಂಶ, ಯಾವ ದತ್ತಸಂಚಯ ಎಂಬ ಪ್ರಶ್ನೆಯೇ ಇಲ್ಲ. ಎಲ್ಲರೂ ಒಂದೇ ನಮೂನೆಯಲ್ಲಿ ಮಾಹಿತಿ ಕೊಡಬೇಕು, ಅಷ್ಟೇ. ಇದಕ್ಕೆ ಪ್ರತಿಯಾಗಿ, ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಬಹುಕಾಲ ಸಮಾನ ನಮೂನೆ ಇರಲಿಲ್ಲ. 63,000 ಸಂಘಗಳನ್ನು ಒಂದು ಸಮಾನ ತಂತ್ರಾಂಶದಡಿ ತರಲು ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಬೇಕಾಯಿತು. ಆರಂಭದಲ್ಲಿ ಏರ್ಪಡದ ಸಮಾನತೆಯನ್ನು ಕೊನೆಯಲ್ಲಿ ತರುವುದು ದುಬಾರಿ.

ಮಾಡಬೇಕಾದುದು

ತಂತ್ರಾಂಶ ಕೊಳ್ಳುವಾಗ ಕರಾರುಪತ್ರದಲ್ಲಿ ನಾಲ್ಕು ಮಾತು ಸೇರಿಸುವುದು ಉಚಿತ. ಒಂದು, ಲೆಕ್ಕದ ಒಡೆತನ ವರ್ತಕನದು, ದತ್ತಸಂಚಯದ ಗುಪ್ತಪದ ಅವನ ಬಳಿಯೂ ಇರತಕ್ಕದ್ದು. ಎರಡು, ಕೋಷ್ಟಕಗಳು, ಅಂಕಣಗಳು, ಸಂಕೇತಗಳ ಅರ್ಥವಿವರಣೆಯನ್ನು ಬರೆಹದಲ್ಲಿ ಕೊಡತಕ್ಕದ್ದು. ಮೂರು, ವರದಿಗಳ ಪ್ರಶ್ನೆಗಳು ಸಾಧ್ಯವಾದಷ್ಟೂ ಮಾನಕ ಎಸ್‌ಕ್ಯುಎಲ್‌ನಲ್ಲಿ ಇರತಕ್ಕದ್ದು, ಇಲ್ಲದವನ್ನು ಪ್ರತ್ಯೇಕವಾಗಿ ಪಟ್ಟಿಮಾಡತಕ್ಕದ್ದು. ನಾಲ್ಕು, ಪ್ರತಿ ವರ್ಷಾಂತ್ಯಕ್ಕೆ ಎಲ್ಲ ಕೋಷ್ಟಕಗಳನ್ನೂ ಯುನಿಕೋಡ್ ಪಠ್ಯರೂಪದಲ್ಲಿ, ಅಂದರೆ ಯಾವ ದತ್ತಸಂಚಯವೂ ಓದಬಲ್ಲ ರೂಪದಲ್ಲಿ, ಒಪ್ಪಿಸತಕ್ಕದ್ದು.

ಐದನೆಯದು ಲೆಕ್ಕಪರಿಶೋಧಕರ ಕೆಲಸ. ವರ್ಷಾಂತ್ಯದ ಆ ಪಠ್ಯಪ್ರತಿಯನ್ನು ಬೇರೊಂದು ದತ್ತಸಂಚಯದಲ್ಲಿ ತುಂಬಿ, ಅದೇ ಪ್ರಶ್ನೆಗಳನ್ನು ಅಲ್ಲಿಯೂ ಓಡಿಸಿ ನೋಡಬೇಕು. ಪೋಸ್ಟ್‌ಗ್ರೆಸ್ ಉಚಿತವಾಗಿಯೇ ದೊರೆಯುವುದರಿಂದ ಇದಕ್ಕೆ ಬೇಕಾದುದು ಸ್ವಲ್ಪ ಸಮಯ ಮಾತ್ರ. ಎರಡೂ ಕಡೆಯ ತಾಳೆಪಟ್ಟಿ ಪೈಸೆಗೆ ಪೈಸೆ ಹೊಂದಿದರೆ, ಮಾರ್ಚ್ 31ರ ಬಿಲ್ಲುಗಳ ಸಂಖ್ಯೆ ಎರಡೂ ಕಡೆ ಒಂದೇ ಆದರೆ, ನೋಂದಾಯಿತ ಮತ್ತು ನೋಂದಾಯಿತರಲ್ಲದ ಗ್ರಾಹಕರ ಮಾರಾಟಗಳನ್ನು ಕೂಡಿದ ಮೊತ್ತ ಒಟ್ಟು ಮಾರಾಟಕ್ಕೆ ಸರಿಯಾದರೆ, ಆ ಲೆಕ್ಕ ಯಾವ ತಂತ್ರಾಂಶದ ಹಂಗಿನಲ್ಲಿಯೂ ಇಲ್ಲವೆಂದು ನಂಬಬಹುದು. ಹೊಂದದಿದ್ದರೆ ತಪ್ಪು ಇರುವುದು ಎರಡನೆಯ ಕಡೆಯಲ್ಲೇ ಎಂದು ಭಾವಿಸಬೇಕಾಗಿಲ್ಲ. ಎಷ್ಟೋ ವರ್ಷಗಳಿಂದ ನಂಬಿಕೊಂಡು ಬಂದ ಮೊದಲನೆಯದರಲ್ಲಿಯೇ ಇರಬಹುದು.

ಒಬ್ಬೊಬ್ಬ ವರ್ತಕನಿಗೆ ಈ ಕರಾರಿನ ಮಾತು ಆಡುವ ಬಲ ಇರಲಿಕ್ಕಿಲ್ಲ. ವಾಣಿಜ್ಯ ಸಂಸ್ಥೆಗಳು ಒಂದು ಮಾದರಿ ಕರಾರುಪತ್ರ ಸಿದ್ಧಪಡಿಸಿ ಸದಸ್ಯರಿಗೆ ಹಂಚಿದರೆ ಆ ಬಲ ಬರುತ್ತದೆ. ದಲಾಲರ ಸಂಘ, ಗಿರಣಿ ಮಾಲೀಕರ ಸಂಘ, ಸಹಕಾರ ಸಂಘಗಳು ಅದನ್ನೇ ಒಪ್ಪಿದರೆ ತಂತ್ರಾಂಶ ಮಾರುವವರೂ ಒಪ್ಪದೆ ವಿಧಿಯಿಲ್ಲ. ಈ ಕೆಲಸಕ್ಕೆ ಮುಂದಿನ ಸ್ಥಳಾಂತರದವರೆಗೆ ಕಾಯಬಾರದು. ಹಳೆಯ ಯಂತ್ರ ಇನ್ನೂ ಓಡುತ್ತಿರುವಾಗ, ಅದರೊಳಗಿನ ಲೆಕ್ಕವನ್ನು ಓದಬಲ್ಲವರು ಇನ್ನೂ ಇರುವಾಗ, ಒಳಗೆ ಹೋಗಿ ನೋಡುವುದೇ ವಿವೇಕ.